ಔಷಧದ ಸಹಸ್ರನಾಮ

ದೇವರಿಗೆ ಸಾವಿರ ಹೆಸರಿದ್ದರೂ ಭಕ್ತನಿಗೆ ಬಾಧಕವಿಲ್ಲ. ಯಾವ ಹೆಸರಿನಿಂದ ಕೂಗಿದರೂ ಓಗೊಡುವವನು ಒಬ್ಬನೇ ಎಂಬ ನಂಬಿಕೆಯ ಮೇಲೆ ನಮ್ಮ ಸಹಸ್ರನಾಮಗಳೆಲ್ಲ ನಿಂತಿವೆ. ಉಚ್ಚಾರಣೆ ಕೆಟ್ಟರೂ ಕರೆದವನ ಭಾವವನ್ನು ನೋಡಿ ಒಲಿಯುವ ಔದಾರ್ಯ ಅಲ್ಲಿದೆ. ಔಷಧದಲ್ಲಿ ಅಂಥ ಔದಾರ್ಯವಿಲ್ಲ. ಹೊಟ್ಟೆಗೆ ಬಿದ್ದ ಮೇಲೆ ಅದು ತನ್ನ ಗುಣವನ್ನು ತೋರಿಯೇ ತೀರುತ್ತದೆ. ಕೊಟ್ಟವನ ಉದ್ದೇಶವೇನು, ತೆಗೆದುಕೊಂಡವನು ಅದನ್ನು ಏನೆಂದು ತಿಳಿದಿದ್ದನು ಎಂಬ ವಿಚಾರಣೆ ಅದಕ್ಕಿಲ್ಲ. ಒಂದೇ ವಸ್ತುವನ್ನು ಎರಡು ಹೆಸರುಗಳಲ್ಲಿ ನುಂಗಿದರೆ ಮಾತ್ರೆ ಇಮ್ಮಡಿಯಾಗುತ್ತದೆ. ಒಂದು ಹೆಸರನ್ನು ಇನ್ನೊಂದಾಗಿ ಕೇಳಿಕೊಂಡರೆ ಬೇಕಾದದ್ದು ತಪ್ಪಿ ಬೇಡವಾದದ್ದು ಒಳಗೆ ಸೇರುತ್ತದೆ. ಆದುದರಿಂದ ಹೆಸರಿನ ವಿಚಾರ ಕವಿಗಳಿಗೆ ಎಷ್ಟು ಮುಖ್ಯವೋ ರೋಗಿಗಳಿಗೂ ಅಷ್ಟೇ ಮುಖ್ಯ ಎಂದರೆ ತಪ್ಪಾಗಲಾರದು.

ಈ ವಿಚಾರ ನನ್ನ ಮನಸ್ಸನ್ನು ಹಿಡಿದುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದವರು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿರುವ ಒಂದು ಹುಡುಕುಸಾಧನದಿಂದ. ಅದರ ಹೆಸರು ಆರ್‌ಎಕ್ಸ್‌ನ್ಯಾವ್. ವೈದ್ಯರು ಚೀಟಿಯ ತಲೆಯಲ್ಲಿ ಬರೆಯುವ ಆರ್‌ಎಕ್ಸ್ ಎಂಬ ಗುರುತು ‘ತೆಗೆದುಕೋ’ ಎಂಬರ್ಥದ ಲ್ಯಾಟಿನ್ ಮಾತಿನ ಸಂಕ್ಷೇಪ. ನ್ಯಾವ್ ಎಂಬುದರಲ್ಲಿ ನಾವೆ ನಡೆಸುವ ಅರ್ಥವಿದೆ. ಲ್ಯಾಟಿನ್ನಿನ ನಾವಿಸ್ ಶಬ್ದಕ್ಕೂ ನಮ್ಮ ನಾವೆಗೂ ಮೂಲ ಒಂದೇ. ಈ ನಾವೆ ತೇಲುವ ಕಡಲು ಆರ್‌ಎಕ್ಸ್‌ನಾರ್ಮ್ ಎಂಬ ಹೆಸರಿನ ಔಷಧನಾಮಗಳ ಮಹಾಕೋಶ. ನಾನು ವೈದ್ಯನಲ್ಲ, ನಿಘಂಟುಗಳನ್ನು ಕಾದಂಬರಿಯಂತೆ ಓದುವ ಚಪಲವುಳ್ಳವನು ಮಾತ್ರ. ಆ ಚಪಲದಿಂದಲೇ ಈ ಸಾಧನವನ್ನು ಹೊಕ್ಕು ನೋಡಿದೆ. ನೋಡುತ್ತ ನೋಡುತ್ತ ನನಗೆ ಖಚಿತವಾದ ಒಂದು ಅಭಿಪ್ರಾಯವನ್ನು ವಾಚಕರ ಮುಂದಿಡಬೇಕೆಂಬುದು ಈ ಬರಹದ ಉದ್ದೇಶ.

ಮೊದಲು ನಮಗೆಲ್ಲ ಪರಿಚಿತವಾದ ಒಂದು ವಸ್ತುವನ್ನೇ ತೆಗೆದುಕೊಳ್ಳೋಣ. ಜ್ವರಕ್ಕೂ ಮೈಕೈ ನೋವಿಗೂ ನಾವು ನುಂಗುವ ಪ್ಯಾರಾಸಿಟಮಾಲ್. ರಸಾಯನಶಾಸ್ತ್ರಜ್ಞರು ಇದನ್ನು ಪ್ಯಾರಾ-ಅಸಿಟೈಲ್-ಅಮಿನೋ-ಫಿನಾಲ್ ಎಂದು ಕರೆಯುತ್ತಾರೆ. ಈ ಉದ್ದದ ಹೆಸರಿನ ಒಂದಿಷ್ಟು ಭಾಗವನ್ನು ಕತ್ತರಿಸಿ ಜೋಡಿಸಿದರೆ ಪ್ಯಾರಾಸಿಟಮಾಲ್ ಆಗುತ್ತದೆ. ಇನ್ನೊಂದಿಷ್ಟನ್ನು ಜೋಡಿಸಿದರೆ ಅಸಿಟಮಿನೋಫೆನ್; ಅಮೆರಿಕದವರು ಹಾಗೆನ್ನುತ್ತಾರೆ. ಅಸಿಟೈಲಿನ ಬಾಲವನ್ನೂ ಫಿನಾಲಿನ ಬಾಲವನ್ನೂ ಸೇರಿಸಿದರೆ ಟೈಲೆನಾಲ್; ಅದು ೧೯೫೫ರಲ್ಲಿ ಅಮೆರಿಕದ ಪೇಟೆಗೆ ಬಂದ ವ್ಯಾಪಾರನಾಮ. ಒಂದೇ ತಾಯಿಯ ಮೂವರು ಮಕ್ಕಳು. ಮುಖ ನೋಡಿದರೆ ಮಾತ್ರ ಸಂಬಂಧ ತಿಳಿಯುವುದಿಲ್ಲ. ಇವಲ್ಲದೆ ನಮ್ಮಲ್ಲಿ ಕ್ರೋಸಿನ್ ಇದೆ, ಕ್ಯಾಲ್ಪಾಲ್ ಇದೆ, ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಡೋಲೋ ಇದೆ.

ಮಗನ ಮನೆಯಲ್ಲಿ ಆರು ತಿಂಗಳಿರಲೆಂದು ಶಿವಮೊಗ್ಗದಿಂದಲೋ ಮೈಸೂರಿನಿಂದಲೋ ಅಮೆರಿಕಕ್ಕೆ ಹೊರಡುವ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ಚೀಲದಲ್ಲಿ ಡೋಲೋ ೬೫೦ ಇರುತ್ತದೆ. ಅಲ್ಲಿ ಚಳಿಗೆ ಜ್ವರ ಬರುತ್ತದೆ. ಬೆಳಿಗ್ಗೆ ಅದನ್ನು ತೆಗೆದುಕೊಳ್ಳುತ್ತಾರೆ. ಮಧ್ಯಾಹ್ನ ಸೊಸೆ ಅಕ್ಕರೆಯಿಂದ ಟೈಲೆನಾಲ್ ಕೊಡುತ್ತಾಳೆ. ರಾತ್ರಿ ನೆಗಡಿಗೆಂದು ನೈಕ್ವಿಲ್ ಬರುತ್ತದೆ. ಮೂರು ಹೆಸರು, ಮೂರು ಬಣ್ಣ. ಮೂರರಲ್ಲಿಯೂ ಇರುವುದು ಅದೇ ವಸ್ತು. ದೊಡ್ಡವರಿಗೆ ದಿನಕ್ಕೆ ೪ ಗ್ರಾಂ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಗಡಿ. ಅದನ್ನು ದಾಟಿದಾಗ ಪೆಟ್ಟು ಬೀಳುವುದು ಯಕೃತ್ತಿಗೆ. ಇದು ನನ್ನ ಕಲ್ಪನೆಯ ಅತಿರೇಕವಲ್ಲ. ಬೇರೆ ನೋವುನಿವಾರಕಗಳ ಜೊತೆ ಬೆರೆಸಿ ವೈದ್ಯರ ಚೀಟಿಯ ಮೇಲೆ ಮಾರುವ ಮಾತ್ರೆಗಳಲ್ಲಿ ಒಂದಕ್ಕೆ ೩೨೫ ಮಿಲಿಗ್ರಾಂಗಿಂತ ಹೆಚ್ಚು ಅಸಿಟಮಿನೋಫೆನ್ ಇರಕೂಡದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ೨೦೧೧ರಲ್ಲಿ ತಯಾರಕರನ್ನು ಕೇಳಿತು. ತಿಳಿಯದೆ ಸೇರಿಹೋಗುವ ಮಾತ್ರೆಗಳಿಂದ ಯಕೃತ್ತು ಕೆಡುವುದನ್ನು ಕಂಡೇ ಹಾಗೆ ಕೇಳಬೇಕಾಯಿತು.

ಒಂದು ವಸ್ತುವಿಗೆ ಹಲವು ಹೆಸರು, ಒಂದು ಹೆಸರಿಗೆ ಹಲವು ವಸ್ತು: ಈ ಎರಡು ತೊಡಕುಗಳೂ ನಮ್ಮ ಪ್ರಾಚೀನರಿಗೆ ಚೆನ್ನಾಗಿ ಗೊತ್ತಿದ್ದವು. ಅಮರಸಿಂಹನು ತನ್ನ ಕೋಶದಲ್ಲಿ ಗಿಡಮೂಲಿಕೆಗಳಿಗಾಗಿ ವನೌಷಧಿ ವರ್ಗವನ್ನೇ ಮೀಸಲಿಟ್ಟನು. ಅನೇಕಾರ್ಥಗಳಿಗಾಗಿ ನಾನಾರ್ಥ ವರ್ಗವನ್ನು ಬೇರೆ ಮಾಡಿದನು. ನಮ್ಮ ಹಿತ್ತಲ ಬೇಲಿಗೆ ಹಬ್ಬುವ ಅಮೃತಬಳ್ಳಿಗೆ ಅವನಲ್ಲಿ ಗುಡೂಚಿ, ಛಿನ್ನರುಹಾ, ವತ್ಸಾದನೀ, ಮಧುಪರ್ಣೀ ಎಂದು ಹೆಸರುಗಳ ಸಾಲೇ ಇದೆ. ಛಿನ್ನರುಹಾ ಎಂದರೆ ಕತ್ತರಿಸಿದರೂ ಚಿಗುರುವುದು. ಎಂಥ ಸೊಗಸಾದ ಹೆಸರು! ಆದರೆ ಅದೇ ಸಾಲಿನಲ್ಲಿ ಅಮೃತಾ ಎಂಬ ಹೆಸರೂ ಉಂಟು. ಪುಟ ತಿರುವಿದರೆ ಅಳಲೆಕಾಯಿಗೂ ಅಮೃತಾ ಎಂದೇ ಹೆಸರು. ನೆಲ್ಲಿಗೂ ಅಮೃತಾ ಎಂದೇ ಹೆಸರು. ಕವಿಗೆ ಇದು ಶ್ಲೇಷೆಯ ಗಣಿ. ಮೂಲಿಕೆ ಅರೆಯುವವನಿಗೆ ಇದೇ ಸಂಕಟ. ‘ಅಮೃತಾ ಒಂದು ಭಾಗ’ ಎಂದು ಬರೆದಿದ್ದರೆ ಅವನು ಬಳ್ಳಿಯನ್ನು ಕೊಯ್ಯಬೇಕೆ, ಕಾಯನ್ನು ಒಡೆಯಬೇಕೆ? ಆಯುರ್ವೇದದವರು ಧನ್ವಂತರಿ ನಿಘಂಟು, ರಾಜನಿಘಂಟು ಮೊದಲಾದ ಕೋಶಗಳನ್ನು ಕಟ್ಟಿದುದು ಪಾಂಡಿತ್ಯಪ್ರದರ್ಶನಕ್ಕಲ್ಲ. ಹೆಸರಿನಿಂದ ವಸ್ತುವಿಗೆ ದಾರಿ ತಪ್ಪದಿರಲೆಂದು.

ಈಚಿನ ಕಾಲದಲ್ಲಿ ಈ ಸಂಕಟ ಕಡಮೆಯಾಗಲಿಲ್ಲ, ಹೆಚ್ಚಿತು. ಹಿಂದೆ ಹೆಸರಿಡುತ್ತಿದ್ದವನು ಕವಿಹೃದಯದ ವೈದ್ಯ. ಈಗ ಹೆಸರಿಡುವವನು ವರ್ತಕ. ನಾಲಿಗೆಗೆ ಹಗುರವಾಗಿ, ನೆನಪಿನಲ್ಲಿ ನಿಲ್ಲುವಂತೆ ಹೆಸರಿಡಬೇಕೆಂಬುದು ಅವನ ಅಪೇಕ್ಷೆ. ಅಂಥ ಹೆಸರುಗಳು ಒಂದನ್ನೊಂದು ಹೋಲತೊಡಗಿದರೆ ಅಚ್ಚರಿಯೇನು? ಹೊಟ್ಟೆಯ ಆಮ್ಲವನ್ನು ತಗ್ಗಿಸುವ ಒಮೆಪ್ರಜೋಲ್ ಅಮೆರಿಕದಲ್ಲಿ ಮೊದಲು ಲೋಸೆಕ್ ಎಂಬ ಹೆಸರಿನಿಂದ ಬಂತು. ಮೂತ್ರವನ್ನು ಹೆಚ್ಚಿಸುವ ಲೇಸಿಕ್ಸ್ ಅಲ್ಲಿ ಮೊದಲೇ ಇತ್ತು. ಅವಸರದ ಕೈಬರಹದಲ್ಲಿ ಎರಡೂ ಒಂದೇ ಆಗಿ ಕಾಣುತ್ತಿದ್ದುದರಿಂದ ೧೯೯೦ರಲ್ಲಿ ಲೋಸೆಕ್ ಹೋಗಿ ಪ್ರಿಲೋಸೆಕ್ ಆಯಿತು. ಅಷ್ಟೇ ಏಕೆ, ವ್ಯಾಪಾರನಾಮಗಳಲ್ಲದವುಗಳಲ್ಲಿಯೂ ಈ ತೊಡಕುಂಟು. ಹೈಡ್ರಾಕ್ಸಿಜೀನ್ ತುರಿಕೆಗೆ ಕೊಡುವಂಥದು; ಹೈಡ್ರಲಜೀನ್ ರಕ್ತದೊತ್ತಡವನ್ನು ಇಳಿಸುವಂಥದು. ನಡುವಣ ಎರಡಕ್ಷರದ ವ್ಯತ್ಯಾಸದಲ್ಲಿ ಒಬ್ಬನ ಆರೋಗ್ಯ ತೂಗುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಮಲೇರಿಯಾಕ್ಕೆ ಕೊಡುವ ಎರಡು ಔಷಧಗಳು. ಒಂದರ ಹೆಸರು ಫಾಲ್ಸಿಗೋ, ಇನ್ನೊಂದರದು ಫಾಲ್ಸಿಟ್ಯಾಬ್. ರೋಗ ಒಂದೇ ಆದರೂ ಒಳಗಿನ ವಸ್ತುಗಳು ಬೇರೆ. ೨೦೦೧ರಲ್ಲಿ ತೀರ್ಪು ಕೊಟ್ಟ ನ್ಯಾಯಮೂರ್ತಿಗಳು, ಉಳಿದ ಸರಕುಗಳ ಹೆಸರನ್ನು ಅಳೆಯುವುದಕ್ಕಿಂತ ಕಟ್ಟುನಿಟ್ಟಾದ ಅಳತೆಗೋಲು ಔಷಧದ ಹೆಸರಿಗೆ ಬೇಕೆಂದರು. ಎಲ್ಲರಿಗೂ ಸಮಾನವಾದ ಒಂದು ಭಾಷೆಯಿಲ್ಲದ, ಇಂಗ್ಲಿಷ್ ಬಲ್ಲವರು ಕೆಲವರೇ ಆಗಿರುವ ದೇಶದಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕೆಂಬುದು ಅವರ ವಿವೇಚನೆಯಾಗಿತ್ತು. ಭಾಷೆಯ ವಿದ್ಯಾರ್ಥಿಗಳೆಲ್ಲರೂ ಮನನ ಮಾಡಬೇಕಾದ ಮಾತಿದು.

ಈ ಗೊಂದಲಕ್ಕೆ ಲೋಕವೆಲ್ಲ ಒಪ್ಪುವ ಒಂದು ಪರಿಹಾರವನ್ನು ಹುಡುಕುವ ಕಾರ್ಯವನ್ನು ವಿಶ್ವ ಆರೋಗ್ಯ ಸಂಸ್ಥೆ ೧೯೫೦ರಲ್ಲಿ ಕೈಗೊಂಡಿತು. ಯಾರ ಸ್ವತ್ತೂ ಅಲ್ಲದ ಅಂತಾರಾಷ್ಟ್ರೀಯ ಹೆಸರುಗಳ ಮೊದಲ ಪಟ್ಟಿ ೧೯೫೩ರಲ್ಲಿ ಹೊರಬಂತು. ಈ ಹೆಸರುಗಳನ್ನು ಕಟ್ಟುವ ಕ್ರಮ ವ್ಯಾಕರಣಪ್ರಿಯರಿಗೆ ಸಂತೋಷವನ್ನುಂಟುಮಾಡುತ್ತದೆ. ಒಂದೇ ಬಗೆಯಲ್ಲಿ ಕೆಲಸ ಮಾಡುವ ಔಷಧಗಳಿಗೆ ಒಂದೇ ಪ್ರತ್ಯಯ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಹೃದಯದ ಬಡಿತವನ್ನು ಸಮಾಧಾನಗೊಳಿಸುವ ಒಂದು ಬಳಗ. ಎನಲಪ್ರಿಲ್, ರಾಮಿಪ್ರಿಲ್ ಇನ್ನೊಂದು. ಲೊಸಾರ್ಟನ್, ಟೆಲ್ಮಿಸಾರ್ಟನ್ ಮತ್ತೊಂದು. ಪ್ರಕೃತಿ ಬೇರೆ, ಪ್ರತ್ಯಯ ಒಂದು; ಪ್ರತ್ಯಯವನ್ನು ಬಲ್ಲವನು ಕಂಡರಿಯದ ಹೆಸರಿನ ಕುಲವನ್ನೂ ಹೇಳಬಲ್ಲ. ಕಾಗುಣಿತದ ವಿಷಯದಲ್ಲಿಯೂ ಅವರಿಗೆ ನಿಯಮಗಳಿವೆ. ರೋಮನ್ ಲಿಪಿಯಲ್ಲಿ ‘ಪಿ-ಎಚ್’ ಬದಲು ‘ಎಫ್’, ‘ಟಿ-ಎಚ್’ ಬದಲು ‘ಟಿ’, ‘ವೈ’ ಬದಲು ‘ಐ’. ‘ಎಚ್’ ಮತ್ತು ‘ಕೆ’ ಅಕ್ಷರಗಳನ್ನು ಆದಷ್ಟೂ ಬಿಡಬೇಕು. ಬೇರೆ ಬೇರೆ ಭಾಷೆಯವರ ನಾಲಿಗೆಗೂ ಲಿಪಿಗೂ ಒಗ್ಗಲಿ ಎಂಬುದು ಇದರ ಆಶಯ. ಸಂಸ್ಕೃತದ ಮಹಾಪ್ರಾಣಗಳು ಕನ್ನಡಕ್ಕೆ ಬರುವಾಗ ಅಲ್ಪಪ್ರಾಣಗಳಾಗುವುದೆಂದು ನಮ್ಮ ವೈಯಾಕರಣರು ತದ್ಭವಗಳ ವಿಷಯದಲ್ಲಿ ಹೇಳಿದ್ದು ಇಲ್ಲಿ ನೆನಪಾಗದಿರದು.

ಇಷ್ಟಾದರೂ ಲೋಕ ಒಂದಾಗಲಿಲ್ಲ. ಅಮೆರಿಕದವರು ತಮ್ಮದೇ ಆದ ಸಮಿತಿಯ ಹೆಸರುಗಳನ್ನು ಇಟ್ಟುಕೊಂಡರು. ಹೆಚ್ಚಿನವು ಹೊಂದಿಕೊಂಡವು, ಕೆಲವು ಹಳೆಯವು ಹೊಂದಿಕೊಳ್ಳಲಿಲ್ಲ. ನಾವು ಉಬ್ಬಸಕ್ಕೆ ಸೇದುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅಲ್ಲಿ ರಿಫಾಂಪಿನ್. ಪೆಥಿಡೀನ್ ಅಲ್ಲಿ ಮೆಪೆರಿಡೀನ್. ಎಂದಮೇಲೆ, ಒಂದೇ ಹೆಸರನ್ನು ಆಜ್ಞೆಯಿಂದ ಹೇರುವುದು ಸಾಧ್ಯವಿಲ್ಲದಿದ್ದಾಗ ಮಾಡಬೇಕಾದುದೇನು? ಇದಕ್ಕೆ ಉತ್ತರವನ್ನು ಕೊಟ್ಟವರು ಸರ್ಕಾರದ ದಂಡಾಧಿಕಾರಿಗಳಲ್ಲ, ಔಷಧದ ಕಂಪನಿಗಳಲ್ಲ, ಗ್ರಂಥಪಾಲಕರು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಅರ್ಥಪೂರ್ಣವಾಗಿ ಕಂಡ ಸಂಗತಿ ಇದು.

ಆ ಗ್ರಂಥಾಲಯ ೧೮೩೬ರಲ್ಲಿ ಸೈನ್ಯದ ಮುಖ್ಯ ವೈದ್ಯಾಧಿಕಾರಿಯ ಕಚೇರಿಯ ಪುಸ್ತಕದ ಕಪಾಟಾಗಿ ಹುಟ್ಟಿತು. ಜಾನ್ ಷಾ ಬಿಲ್ಲಿಂಗ್ಸ್ ಎಂಬ ವೈದ್ಯ ಅದನ್ನು ಬೆಳೆಸಿ, ೧೮೭೯ರಲ್ಲಿ ಲೋಕದ ವೈದ್ಯಕೀಯ ಬರಹಗಳಿಗೆಲ್ಲ ಸೂಚಿಯಾಗುವ ಇಂಡೆಕ್ಸ್ ಮೆಡಿಕಸ್ ಎಂಬ ಪತ್ರಿಕೆಯನ್ನು ಆರಂಭಿಸಿದನು. ೧೯೫೬ರಲ್ಲಿ ಅದಕ್ಕೆ ರಾಷ್ಟ್ರೀಯ ಗ್ರಂಥಾಲಯವೆಂಬ ಪದವಿ ಬಂತು. ೧೯೬೨ರಲ್ಲಿ ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿ ಈಗಿನ ಕಟ್ಟಡಕ್ಕೆ ಹೋಯಿತು. ಲೇಖನಗಳಿಗೆ ಸೂಚಿ ಮಾಡಿ ಪಳಗಿದ ಕೈಗಳೇ ಈ ಶತಮಾನದ ಆರಂಭದ ವರ್ಷಗಳಲ್ಲಿ ಔಷಧಗಳ ಹೆಸರಿಗೂ ಸೂಚಿ ಮಾಡತೊಡಗಿದವು. ಮಾಜಿ ಸೈನಿಕರ ಆಸ್ಪತ್ರೆಗಳ ಪಟ್ಟಿಯಲ್ಲಿ ಒಂದು ಔಷಧಕ್ಕೆ ಒಂದು ಬರಹ, ಖಾಸಗಿ ಔಷಧಕೋಶಗಳಲ್ಲಿ ಇನ್ನೊಂದು ಬರಹ, ಸರ್ಕಾರಕ್ಕೆ ಒಪ್ಪಿಸಿದ ಲೇಬಲ್ಲಿನಲ್ಲಿ ಮತ್ತೊಂದು. ಮನುಷ್ಯರ ಕಣ್ಣಿಗೆ ಇವು ಒಂದೇ ಎಂದು ತೋರಿದರೂ ಗಣಕಯಂತ್ರಕ್ಕೆ ತೋರವು. ಒಂದು ಆಸ್ಪತ್ರೆಯ ಗಣಕ ಇನ್ನೊಂದರ ಜೊತೆ ಮಾತನಾಡಬೇಕಾದರೆ ನಡುವೆ ದುಭಾಷಿಯೊಬ್ಬ ಬೇಕಾಯಿತು. ಆರ್‌ಎಕ್ಸ್‌ನಾರ್ಮ್ ಹುಟ್ಟಿದುದು ಆ ದುಭಾಷಿಯಾಗಿ.

ಅದರ ಕ್ರಮ ಸರಳ. ಒಂದು ಔಷಧವನ್ನು ಪೂರ್ತಿಯಾಗಿ ಹೇಳಲು ಮೂರು ಮಾತು ಸಾಕು: ಒಳಗಿನ ವಸ್ತು ಯಾವುದು, ಅದರ ಪ್ರಮಾಣ ಎಷ್ಟು, ಅದು ಯಾವ ರೂಪದಲ್ಲಿದೆ. ‘ಅಸಿಟಮಿನೋಫೆನ್, ೫೦೦ ಮಿಲಿಗ್ರಾಂ, ಬಾಯಿಂದ ನುಂಗುವ ಮಾತ್ರೆ’ ಎಂದರೆ ಮುಗಿಯಿತು. ಈ ಮೂರನ್ನು ಇದೇ ಅನುಕ್ರಮದಲ್ಲಿ ಬರೆಯುತ್ತಾರೆ. ಹೀಗೆ ಬರೆದದ್ದಕ್ಕೆ ಒಂದು ಸಂಖ್ಯೆ ಕೊಡುತ್ತಾರೆ. ಮೂಲವಸ್ತುವಿಗೂ ಒಂದು ಸಂಖ್ಯೆಯುಂಟು: ಅಸಿಟಮಿನೋಫೆನ್ನಿಗೆ ೧೬೧, ಆಸ್ಪಿರಿನ್ನಿಗೆ ೧೧೯೧, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಾರ್ಫರಿನ್ನಿಗೆ ೧೧೨೮೯. ಈ ಸಂಖ್ಯೆಗಳಿಗೆ ಒಳ ಅರ್ಥ ಏನೂ ಇಲ್ಲ. ಅದೇ ಅವುಗಳ ಗುಣ. ಅರ್ಥವಿದ್ದರೆ ಅಲ್ಲವೆ ಅಪಾರ್ಥವಾಗುವುದು!

ಬೆಂಗಳೂರಿನಲ್ಲಿ ತಮ್ಮ ಕೊನೆಯ ವರ್ಷಗಳನ್ನು ಕಳೆದ ಎಸ್. ಆರ್. ರಂಗನಾಥನ್ ಅವರನ್ನು ಬಲ್ಲವರಿಗೆ ಈ ಕ್ರಮ ಅಪರಿಚಿತವೆನಿಸದು. ಪ್ರತಿಯೊಂದು ವಿಷಯವನ್ನೂ ಮುಖಗಳಾಗಿ ಬಿಡಿಸಿ, ಆ ಮುಖಗಳನ್ನು ಗೊತ್ತಾದ ಅನುಕ್ರಮದಲ್ಲಿ ಜೋಡಿಸಿದರೆ ಯಾವ ಪುಸ್ತಕಕ್ಕೂ ಜಾಗ ಸಿಗುತ್ತದೆಂದು ಅವರು ೧೯೩೩ರಲ್ಲಿ ತಮ್ಮ ದ್ವಿಬಿಂದು ವರ್ಗೀಕರಣದಿಂದ ತೋರಿಸಿಕೊಟ್ಟರು. ಓದುಗನ ಕಾಲವನ್ನು ಉಳಿಸು ಎಂಬುದು ೧೯೩೧ರಲ್ಲಿ ಅವರು ಹೇಳಿದ ಐದು ಸೂತ್ರಗಳಲ್ಲಿ ಒಂದು. ಇಲ್ಲಿ ಉಳಿಯುವುದು ಕಾಲವೊಂದೇ ಅಲ್ಲ.

ಇನ್ನು ಹುಡುಕುವ ಬಗೆ. ಆರ್‌ಎಕ್ಸ್‌ನ್ಯಾವಿನ ಪುಟದಲ್ಲಿ ಒಂದು ಹೆಸರನ್ನು ಬರೆದೊಡನೆ ಅದರ ಬಳಗವೆಲ್ಲ ಕಣ್ಣ ಮುಂದೆ ಚೌಕಗಳಲ್ಲಿ ಹರಡಿಕೊಳ್ಳುತ್ತದೆ. ಒಂದು ಚೌಕದಲ್ಲಿ ಮೂಲವಸ್ತು, ಇನ್ನೊಂದರಲ್ಲಿ ಅದನ್ನುಳ್ಳ ವ್ಯಾಪಾರನಾಮಗಳು, ಬೇರೆ ಚೌಕಗಳಲ್ಲಿ ಪ್ರಮಾಣ ಮತ್ತು ರೂಪಗಳ ಪ್ರಕಾರ ಬಿಡಿಸಿದ ಮಾತ್ರೆ, ದ್ರಾವಣ, ಚುಚ್ಚುಮದ್ದುಗಳು. ಯಾವುದನ್ನು ಒತ್ತಿದರೂ ಅದರ ನೆಂಟಸ್ತಿಕೆ ತೆರೆದುಕೊಳ್ಳುತ್ತದೆ. ಟೈಲೆನಾಲ್ ಎಂದು ಬರೆದರೆ ಅಸಿಟಮಿನೋಫೆನ್ ಸಿಗುತ್ತದೆ. ಪ್ಯಾರಾಸಿಟಮಾಲ್ ಎಂದು ನಮ್ಮ ಹೆಸರನ್ನೇ ಬರೆದರೂ ‘ನಮ್ಮಲ್ಲಿ ಹಾಗೆನ್ನುವುದಿಲ್ಲ’ ಎಂದು ಹೊರಗಟ್ಟದೆ ಅದೇ ೧೬೧ನೆಯ ಬಾಗಿಲಿಗೆ ಕರೆದೊಯ್ಯುತ್ತದೆ. ಕಾಗುಣಿತ ತಪ್ಪಿದರೆ ಹತ್ತಿರದ ಹೆಸರುಗಳನ್ನು ಸೂಚಿಸಿ ಇವುಗಳಲ್ಲಿ ಯಾವುದು ಎಂದು ಕೇಳುತ್ತದೆ. ಬಳಕೆಯಿಂದ ಬಿದ್ದುಹೋದ ಸಂಖ್ಯೆಯನ್ನು ಕೊಟ್ಟರೆ ಅದು ಹಿಂದೆ ಏನಾಗಿತ್ತು, ಈಗ ಯಾವುದರಲ್ಲಿ ಸೇರಿದೆ ಎಂಬುದನ್ನು ಹೇಳುತ್ತದೆ. ಸತ್ತ ಹೆಸರುಗಳನ್ನೂ ಮರೆಯುವುದಿಲ್ಲ. ಹಳೆಯ ಚೀಟಿ ಹಿಡಿದು ಬರುವ ಮುದುಕರು ಇರುವವರೆಗೆ ಹಳೆಯ ಹೆಸರುಗಳೂ ಇರಲೇಬೇಕಷ್ಟೆ. ತಿಂಗಳಿಗೊಮ್ಮೆ ಕೋಶವೆಲ್ಲ ಹೊಸದಾಗುತ್ತದೆ. ನಡುವೆ ವಾರವಾರವೂ ಹೊಸ ಔಷಧಗಳು ಸೇರುತ್ತವೆ. ಕಿಟ್ಟೆಲ್ಲರು ೧೮೯೪ರಲ್ಲಿ ಅಚ್ಚು ಹಾಕಿಸಿದ ಕನ್ನಡ ಕೋಶವನ್ನು ವಾರವಾರವೂ ತಿದ್ದಿ ಮನೆಮನೆಗೆ ಹಂಚಿದಂತೆ!

ಹೊಗಳಿಕೆಗೂ ಗಡಿ ಬೇಕು. ಈ ಸಾಧನ ವೈದ್ಯನಲ್ಲ. ತಾನು ವೈದ್ಯನೆಂದು ಅದು ಹೇಳಿಕೊಳ್ಳುವುದೂ ಇಲ್ಲ. ಎರಡು ಔಷಧಗಳು ಒಂದಕ್ಕೊಂದು ಆಗಿಬರುವುವೆ ಎಂದು ತಿಳಿಸುವ ಒಂದು ಭಾಗ ಅದರಲ್ಲಿ ಮೊದಲಿತ್ತು. ೨೦೨೪ರ ಜನವರಿಯಲ್ಲಿ ಅದನ್ನು ನಿಲ್ಲಿಸಿದರು. ಈಗ ಅದು ಹೇಳುವುದು ಇದು ಯಾವುದು, ಇದಕ್ಕೆ ಯಾವುದು ಸಂಬಂಧ ಎಂಬುದನ್ನು. ನಿಮಗೆ ಇದು ಒಳ್ಳೆಯದೆ ಎಂಬುದನ್ನಲ್ಲ. ಎರಡನೆಯದಾಗಿ, ಅದು ಅಮೆರಿಕದ ಪೇಟೆಯ ಕೋಶ. ನಮ್ಮ ವ್ಯಾಪಾರನಾಮಗಳಿಗೆ ಅಲ್ಲಿ ಜಾಗವಿಲ್ಲ. ಈ ಗಡಿಯನ್ನು ಮರೆತರೆ ಅಪಾಯವುಂಟು. ಏಕೆಂದರೆ ಒಂದು ದೇಶದ ವ್ಯಾಪಾರನಾಮ ಇನ್ನೊಂದು ದೇಶದಲ್ಲಿ ಬೇರೆಯ ವಸ್ತುವಿಗೆ ಅಂಟಿಕೊಂಡಿರಬಹುದು. ಅಮೆರಿಕದಲ್ಲಿ ಡಿಲಾಕಾರ್ ಎಂದರೆ ಡಿಲ್ಟಿಯಾಜೆಮ್ ಆಗಿದ್ದಾಗ ಸರ್ಬಿಯದಲ್ಲಿ ಅದೇ ಹೆಸರಿನಲ್ಲಿ ಡಿಗಾಕ್ಸಿನ್ ಮಾರುತ್ತಿದ್ದರು. ಎರಡೂ ಹೃದಯದ ಔಷಧಗಳು. ಕೆಲಸ ಮಾತ್ರ ಬೇರೆ. ಇಂಥ ಹೆಸರುಗಳ ವಿಷಯದಲ್ಲಿ ಪ್ರಯಾಣಿಕರು ಎಚ್ಚರದಿಂದಿರಬೇಕೆಂದು ಅಮೆರಿಕದ ನಿಯಂತ್ರಣ ಸಂಸ್ಥೆ ೨೦೦೬ರಲ್ಲಿ ತಿಳಿಸಿತು. ಅಮರಕೋಶದ ಅಮೃತಾ ಹೊಸ ವೇಷದಲ್ಲಿ ಬಂದಂತಾಯಿತು.

ಮೇಲೆ ಹೇಳಿದ ತಾಯಿ ಅಮೆರಿಕದಲ್ಲಿ ಡೋಲೋ ಎಂಬ ಹೆಸರಿನಿಂದ ಹುಡುಕಿದರೆ ಉಪಯೋಗವಿಲ್ಲ. ಆದರೆ ಆ ಮಾತ್ರೆಯ ಹಾಳೆಯ ಮೇಲೆಯೇ ಪ್ಯಾರಾಸಿಟಮಾಲ್ ಎಂದೂ, ಅದರ ಮುಂದೆ ಭಾರತೀಯ ಔಷಧಸಂಹಿತೆಗೆ ಹೊಂದಿದ್ದೆಂದು ತಿಳಿಸುವ ಐ.ಪಿ. ಎಂಬ ಎರಡಕ್ಷರವೂ ಇರುತ್ತವೆ. ಆ ಹೆಸರನ್ನು ಕೊಟ್ಟರೆ ದಾರಿ ತೆರೆಯುತ್ತದೆ. ವ್ಯಾಪಾರನಾಮ ಗಡಿಯಲ್ಲಿಯೇ ನಿಂತುಬಿಡುತ್ತದೆ. ಮೂಲನಾಮಕ್ಕೆ ದೇಶಾಂತರದ ರಹದಾರಿಯಿದೆ. ಇಷ್ಟನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಕಲಿಸಿದರೂ ಸಾಕು, ಎಷ್ಟೋ ಮನೆಗಳಲ್ಲಿ ಅನಾಹುತ ತಪ್ಪೀತು.

ಈಗ ನನ್ನ ಮುಖ್ಯ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ದೇಶದಲ್ಲಿ ಔಷಧನಾಮದ ಚರ್ಚೆ ಐವತ್ತು ವರ್ಷಗಳಿಂದ ಒಂದೇ ಗಾಣದ ಸುತ್ತ ತಿರುಗುತ್ತಿದೆ. ವ್ಯಾಪಾರನಾಮಗಳನ್ನು ಕ್ರಮೇಣ ತೆಗೆದುಹಾಕಬೇಕೆಂದು ಹಾಥಿ ಸಮಿತಿ ೧೯೭೫ರಲ್ಲಿ ಸಲಹೆ ಮಾಡಿತು. ವೈದ್ಯರು ಮೂಲನಾಮವನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ೨೦೧೬ರಲ್ಲಿ ವೈದ್ಯಕೀಯ ಪರಿಷತ್ತಿನ ನಿಯಮ ತಿದ್ದುಪಡಿಯಾಯಿತು. ೨೦೨೩ರ ಆಗಸ್ಟಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಇನ್ನೂ ಬಿಗಿಯಾದ ನಿಯಮವನ್ನು ಹೊರಡಿಸಿ, ವೈದ್ಯರ ವಿರೋಧ ಕಂಡು ಅದೇ ತಿಂಗಳು ತಡೆಹಿಡಿಯಿತು. ವೈದ್ಯರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಎಲ್ಲ ತಯಾರಕರ ಸರಕೂ ಒಂದೇ ಗುಣಮಟ್ಟದ್ದಲ್ಲ, ಮೂಲನಾಮವನ್ನಷ್ಟೇ ಬರೆದರೆ ಆಯ್ಕೆ ವೈದ್ಯನ ಕೈಯಿಂದ ಅಂಗಡಿಯವನ ಕೈಗೆ ಹೋಗುತ್ತದೆ ಎಂಬುದು ಅವರ ಆತಂಕ. ಅದನ್ನು ಪರಿಹರಿಸಬೇಕಾದುದು ಗುಣಪರೀಕ್ಷೆಯಿಂದಲೇ ಹೊರತು ಹೆಸರಿನಿಂದಲ್ಲ.

ಆದರೆ ಈ ವಾದದ ಎರಡು ಪಕ್ಷದವರೂ ಹೆಸರುಗಳಲ್ಲಿ ಒಂದು ಉಳಿದು ಇನ್ನೊಂದು ಅಳಿಯಬೇಕೆಂದು ಭಾವಿಸಿದಂತೆ ಕಾಣುತ್ತದೆ. ಹೆಸರುಗಳು ಆಜ್ಞೆಯಿಂದ ಅಳಿಯುವುದಿಲ್ಲ. ಭಾಷೆಯ ಇತಿಹಾಸವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ರೋಸಿನ್ ಎಂದು ಕೇಳಿ ಬೆಳೆದ ನಾಲಿಗೆ ಕಾನೂನು ಬಂದ ಮಾತ್ರಕ್ಕೆ ಪ್ಯಾರಾಸಿಟಮಾಲ್ ಎನ್ನುವುದಿಲ್ಲ. ನಿಘಂಟುಕಾರನು ಧಾರವಾಡದ ಮಾತನ್ನೋ ಮಂಗಳೂರಿನ ಮಾತನ್ನೋ ಕೋಶದಿಂದ ಗಡಿಪಾರು ಮಾಡುವುದಿಲ್ಲ. ಎಲ್ಲವನ್ನೂ ಬರೆದುಕೊಂಡು, ಇದು ಇದಕ್ಕೆ ಸಮ ಎಂದು ಕೈಮರ ನೆಡುತ್ತಾನೆ. ಔಷಧದ ವಿಷಯದಲ್ಲಿ ನಮಗೆ ಬೇಕಾದುದು ಅಂಥ ನಿಘಂಟುಕಾರನೇ. ಬೆಥೆಸ್ಡಾದ ಗ್ರಂಥಪಾಲಕರು ಯಾವ ವ್ಯಾಪಾರನಾಮವನ್ನೂ ನಿಷೇಧಿಸಲಿಲ್ಲ. ಎಲ್ಲ ಹೆಸರುಗಳನ್ನೂ ಒಳಗೆ ಕರೆದು, ಪ್ರತಿಯೊಂದನ್ನೂ ಅದರ ವಸ್ತುವಿಗೆ ಕಟ್ಟಿದರು. ಸಾವಿರ ಹೆಸರಿದ್ದೂ ಅಪಾಯವಿಲ್ಲದಂತೆ ಮಾಡುವ ಉಪಾಯ ಇದೊಂದೇ.

ನಮ್ಮಲ್ಲಿ ಏನೂ ಇಲ್ಲವೆಂದು ಹಲುಬುವವರ ಗುಂಪಿಗೆ ನಾನು ಸೇರಿದವನಲ್ಲ. ಔಷಧಸಂಹಿತೆಯ ಮೊದಲ ಆವೃತ್ತಿ ೧೯೫೫ರಲ್ಲಿಯೇ ಬಂತು. ಮಾತ್ರೆಯ ಹಾಳೆಯ ಮೇಲೆ ಮೂಲನಾಮವನ್ನು ವ್ಯಾಪಾರನಾಮಕ್ಕಿಂತ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಬೇಕೆಂದು, ಕೆಲವು ವಿನಾಯಿತಿಗಳೊಡನೆ, ೨೦೧೮ರಲ್ಲಿ ನಿಯಮವಾಯಿತು. ೨೦೨೩ರ ಆಗಸ್ಟಿನಿಂದ ೩೦೦ ಪ್ರಸಿದ್ಧ ವ್ಯಾಪಾರನಾಮಗಳ ಮೇಲೆ, ಫೋನಿನಿಂದ ಓದಬಹುದಾದ ಚೌಕಗುರುತು ಕಡ್ಡಾಯವಾಗಿದೆ. ಅದರೊಳಗೆ ಮೂಲನಾಮವೂ ಇರುತ್ತದೆ. ಬೆಲೆಯನ್ನು ಹುಡುಕಿ ನೋಡಲು ಬೆಲೆನಿಯಂತ್ರಣ ಪ್ರಾಧಿಕಾರದವರು ಫಾರ್ಮಾ ಸಹಿ ದಾಮ್ ಎಂಬ ಸಾಧನವನ್ನು ಮಾಡಿಕೊಟ್ಟಿದ್ದಾರೆ. ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಭಾರತದ ಔಷಧಗಳಿಗೆ ಸಮಾನವಾದ ಸಂಕೇತಗಳನ್ನು ಕೊಡುವ ಕಾರ್ಯ ನಡೆದಿದೆ. ಕಲ್ಲು, ಗಾರೆ, ಮರ ಎಲ್ಲವೂ ಬಂದಿವೆ. ಇನ್ನು ಕಟ್ಟಬೇಕಾದುದು ಸಾಮಾನ್ಯನು ಹೊಗಬಹುದಾದ ಬಾಗಿಲು. ಆ ಬಾಗಿಲು ನಮ್ಮ ಭಾಷೆಗಳಲ್ಲಿ ತೆರೆಯಬೇಕು. ಕಿವಿಯಿಂದ ಕೇಳಿದ ಹೆಸರನ್ನು ಕನ್ನಡ ಲಿಪಿಯಲ್ಲಿ ಹೇಗೆ ಬರೆದರೂ, ‘ಪ್ಯಾರಸಿಟಮಾಲ್’ ಎಂದರೂ ‘ಪಾರಾಸಿಟಮೋಲ್’ ಎಂದರೂ, ಅದು ಗುರುತಿಸಬೇಕು. ಇದು ಗಣಕತಜ್ಞರೊಬ್ಬರಿಂದಲೇ ಆಗುವ ಕೆಲಸವಲ್ಲ. ಭಾಷೆಯ ಧ್ವನಿಗಳನ್ನೂ ಕಾಗುಣಿತದ ಚಪಲಗಳನ್ನೂ ಬಲ್ಲ ಕನ್ನಡ ಅಧ್ಯಾಪಕರಿಗೆ ಇಲ್ಲಿ ಕೆಲಸವಿದೆ.

ಇದಕ್ಕೆ ಒಂದು ಆಕ್ಷೇಪವುಂಟು. ಹುಡುಕುವುದು ಸುಲಭವಾದರೆ ಜನ ತಮಗೆ ತಾವೇ ವೈದ್ಯರಾಗುವುದಿಲ್ಲವೆ ಎಂದು ಕೇಳಬಹುದು. ನಮ್ಮ ಜನ ಸಾಧನವಿಲ್ಲದೆಯೂ ತಮಗೆ ತಾವೇ ವೈದ್ಯರಾಗಿದ್ದಾರೆ. ನೆರೆಮನೆಯವರ ಮಾತು ಕೇಳಿ ಅಂಗಡಿಯಲ್ಲಿ ಹೆಸರು ಹೇಳಿ ಮಾತ್ರೆ ತರುತ್ತಾರೆ. ಅಜ್ಞಾನದಿಂದ ನುಂಗುವವನಿಗಿಂತ ಹೆಸರು ತಿಳಿದು ವೈದ್ಯರನ್ನು ಪ್ರಶ್ನಿಸುವವನಿಗೆ ಅಪಾಯ ಕಡಮ. ‘ಇವೆರಡರಲ್ಲಿಯೂ ಇರುವುದು ಒಂದೇ ಅಲ್ಲವೆ, ಸ್ವಾಮಿ?’ ಎಂದು ಕೇಳಬಲ್ಲ ರೋಗಿ ಒಳ್ಳೆಯ ವೈದ್ಯನಿಗೆ ಭಾರವಲ್ಲ, ಸಹಾಯಕ.

ನಮ್ಮ ಸಹಸ್ರನಾಮಗಳ ಕೊನೆಗೆ ಫಲಶ್ರುತಿಯೊಂದು ಇರುತ್ತದೆ. ಪಠಿಸಿದವರಿಗೆ ಏನು ದೊರೆಯುವುದೆಂದು ಅದು ಹೇಳುತ್ತದೆ. ಔಷಧದ ಈ ಸಹಸ್ರನಾಮಕ್ಕೂ ಫಲವುಂಟು, ಆದರೆ ಅದು ಕಣ್ಣಿಗೆ ಕಾಣುವಂಥದಲ್ಲ. ಎಲ್ಲೋ ಒಂದು ಮನೆಯಲ್ಲಿ ಮೂರನೆಯ ಹೆಸರಿನ ಮಾತ್ರೆಯನ್ನು ಯಾರೋ ನುಂಗದೆ ಬದಿಗಿಡುತ್ತಾರೆ. ಯಾವುದೋ ಅಂಗಡಿಯಲ್ಲಿ ಅಕ್ಷರಸಾಮ್ಯದಿಂದ ತಪ್ಪು ಡಬ್ಬಿಗೆ ಹೋದ ಕೈ ಹಿಂದಕ್ಕೆ ಬರುತ್ತದೆ. ಆಗದೆ ಹೋದ ಅನಾಹುತದ ಸುದ್ದಿ ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ನಿಘಂಟುಕಾರನಿಗೆ ಹಾರ ಹಾಕಲು ಯಾರೂ ಬರುವುದಿಲ್ಲ. ಹಾಗಿದ್ದೂ ವಾರವಾರ ಕುಳಿತು ಹೆಸರುಗಳನ್ನು ಅವುಗಳ ವಸ್ತುವಿಗೆ ಕಟ್ಟುತ್ತಿರುವವರು ಲೋಕದಲ್ಲಿದ್ದಾರೆ. ಅಂಥವರು ನಮ್ಮಲ್ಲಿಯೂ ಕನ್ನಡ ಬಲ್ಲವರಾಗಿ ಕೆಲಸಕ್ಕೆ ಕೂರುವಂತಾದರೆ, ಅಮರಕೋಶವನ್ನು ಬಾಯಿಪಾಠ ಮಾಡಿದ ನಾಡಿಗೆ ಅದು ಹೊಸದಾಗಿ ಕಲಿಯಬೇಕಾದ ವಿದ್ಯೆಯೇನೂ ಆಗಲಾರದು.